ಅಂಗಳದಿಂದ ಓಗೊಟ್ಟ ಮಾದಮ್ಮ

ಈ ಸನ್ಮಾನ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯ ವಕೀಲರೇ, ಇಂದಿನ ಸನ್ಮಾನಿತರೂ, ಹಾಕಿದ ಹಾರವನ್ನು ಆಗಲೇ ತೆಗೆದು ಮೇಜಿನ ಮೇಲಿಟ್ಟಿರುವವರೂ ಆದ ನಿವೃತ್ತ ಜಿಲ್ಲಾ ನ್ಯಾಯಾಧೀಶ ಶ್ರೀ ಯೋಗಾನರಸಿಂಹ ಅಯ್ಯಂಗಾರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲುಗಳ ವಕೀಲ ಮಿತ್ರರೇ, ಹಿಂದಿನ ಸಾಲುಗಳಲ್ಲಿ ಕೂತು ತಮ್ಮ ತಮ್ಮ ವಕೀಲರನ್ನು ಕಣ್ಣಲ್ಲೇ ಹುಡುಕುತ್ತಿರುವ ಕಕ್ಷಿದಾರ ಬಂಧುಗಳೇ, ಸಭಿಕರೇ,

ನನ್ನ ಹೆಸರು ಚೆನ್ನಯ್ಯ. ದುದ್ದದ ಕಡೆ ಒಂದು ಮಿಡ್ಲ್ ಸ್ಕೂಲಿನ ಹೆಡ್ ಮಾಸ್ತರು. ವಕೀಲನಲ್ಲ. ಕಾನೂನು ಓದಿದವನಲ್ಲ. ಈ ಸಭೆಯ ಕಾರ್ಯದರ್ಶಿಗಳು ಹೋದ ವಾರ ನಮ್ಮ ಶಾಲೆಗೆ ಬಂದು, "ಮೇಷ್ಟ್ರೇ, ಮಾತಾಡೋರೆಲ್ಲ ವಕೀಲರೇ ಆಗಿಬಿಟ್ಟರು, ಸಾರ್ವಜನಿಕರ ಪರವಾಗಿ ಒಬ್ಬರು ಬೇಕು, ಸಾಹೇಬರ ಕರುಣೆಯ ಬಗ್ಗೆ ಎರಡು ಮಾತು ಆಡಿ" ಎಂದರು. ಒಪ್ಪಿಕೊಂಡೆ. ಎರಡು ಮಾತು ಎಂದರೆ ಮೇಷ್ಟರಿಗೆ ಎಷ್ಟಾಗುತ್ತದೆ ಎಂದು ಅವರು ಯೋಚಿಸಬೇಕಿತ್ತು. ಅಧ್ಯಕ್ಷರು ಗಂಟೆಯ ಮೇಲೆ ಕೈ ಇಟ್ಟುಕೊಂಡಿರುವುದು ಕಾಣುತ್ತಿದೆ. ಸ್ವಲ್ಪ ತಡೆಯಿರಿ ಸ್ವಾಮಿ, ಶಾಲೆಯಲ್ಲಿ ಗಂಟೆ ಹೊಡೆಸುವವನು ನಾನೇ. ಎಲ್ಲಿ ಹೊಡೆಸಬೇಕು ಎಂದು ಗೊತ್ತು.

ನನಗಿಂತ ಮೊದಲು ಮಾತಾಡಿದ ಮಹನೀಯರೆಲ್ಲ ಇವರನ್ನು ಕರುಣಾಮೂರ್ತಿ ಎಂದರು. ಕ್ಷಮಿಸಬೇಕು, ನಾನು ಒಪ್ಪುವುದಿಲ್ಲ. ನಾನು ಇವರನ್ನು ಹತ್ತಿರದಿಂದ ಕಂಡದ್ದು ಒಂದೇ ದಿನ. ಆ ದಿನ ನಾನು ಕರುಣೆ ಕಾಣಲಿಲ್ಲ. ಬೇರೆ ಏನನ್ನೋ ಕಂಡೆ. ಅದಕ್ಕೆ ಏನು ಹೆಸರಿಡಬೇಕು ಎಂದು ಇವತ್ತಿಗೂ ತಿಳಿಯದು. ಆ ದಿನದ ಸಂಗತಿ ಹೇಳುತ್ತೇನೆ, ಹೆಸರು ನೀವೇ ಇಡಿ.

ಸಭಿಕರೇ, ಪೊಲೀಸರು ತಪ್ಪು ಮಾಡಿದರೆ ಕೋರ್ಟಿಗೆ ಹೋಗುತ್ತೇವೆ. ಅಮಲ್ದಾರರು ತಪ್ಪು ಮಾಡಿದರೆ ಡಿ.ಸಿ. ಸಾಹೇಬರ ಹತ್ತಿರ ಹೋಗುತ್ತೇವೆ. ಕೋರ್ಟಿನ ತೀರ್ಪು ತಪ್ಪಾದರೆ ಅಪೀಲು ಇದೆ. ಆದರೆ ನ್ಯಾಯಾಧೀಶರ ನಡತೆಯೇ ಸರಿಯಿಲ್ಲ ಎನ್ನಿಸಿದರೆ ಎಲ್ಲಿಗೆ ಹೋಗಬೇಕು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಬೇಕು? ಇಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತು? ವಕೀಲರಿಗೆ ಗೊತ್ತು, ಹೇಳುವುದಿಲ್ಲ. ನಾಳೆ ಬೆಳಗ್ಗೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಲ್ಲ. ನನಗೆ ಗೊತ್ತು, ಏಕೆಂದರೆ ನಾನು ಅಂಥ ಒಂದು ದೂರು ಕೊಟ್ಟವನು.

ಊರಿನ ಹೆಸರು ಹೇಳುವುದಿಲ್ಲ. ಹಾಸನದವರು, ಹೊಳೆನರಸೀಪುರದವರು, ಅರಕಲಗೂಡಿನವರು, ಚನ್ನರಾಯಪಟ್ಟಣದವರು ಎಲ್ಲರೂ ಬಂದಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ. ಒಂದು ತಾಲ್ಲೂಕು, ಅಲ್ಲೊಂದು ಮುನ್ಸೀಫ್ ಕೋರ್ಟು, ಅಷ್ಟು ಸಾಕು. ಆ ಮುನ್ಸೀಫರ ಹೆಸರನ್ನೂ ಹೇಳುವುದಿಲ್ಲ. ಅವರೂ ಮಕ್ಕಳೊಂದಿಗರು.

ವಿಶಾಲ ಮೈಸೂರು ರಾಜ್ಯವಾದ ಮರುವರ್ಷದ ಮಾತು. ಆ ಊರಿನಲ್ಲಿ ಕೋರ್ಟಿಗೆ ಸ್ವಂತ ಕಟ್ಟಡ ಇರಲಿಲ್ಲ. ದೇವಸ್ಥಾನದ ಬೀದಿಯಲ್ಲಿ ಒಂದು ದೊಡ್ಡ ಮನೆ, ಅದನ್ನು ಸರ್ಕಾರ ಬಾಡಿಗೆಗೆ ಹಿಡಿದಿತ್ತು. ಹೆಬ್ಬಾಗಿಲು, ಒಳಗೆ ದೊಡ್ಡ ಅಂಗಳ, ಅಂಗಳದ ಒಂದು ಮೂಲೆಗೆ ದನದ ಕೊಟ್ಟಿಗೆ, ಎದುರಿಗೆ ಜಗಲಿ, ಜಗಲಿ ದಾಟಿದರೆ ಹಜಾರ. ಹಜಾರದಲ್ಲಿ ಕೋರ್ಟು. ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿ ಮನೆಯ ಯಜಮಾನಿ ಗೋದಮ್ಮನವರು ಇದ್ದರು. ಕೋರ್ಟಿನಲ್ಲಿ ವಾದ ನಡೆಯುವಾಗ ಅವರ ಅಡುಗೆಯ ಒಗ್ಗರಣೆ ವಾಸನೆ ಬರುತ್ತಿತ್ತು ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ಹುಳಿಯ ವಾಸನೆ ಬಂದ ದಿನ ಮುನ್ಸೀಫರು ಬೇಗ ಏಳುತ್ತಿದ್ದರಂತೆ.

ಆ ಮನೆ ನಮ್ಮ ತಾಯಿಯವರಾದ ಮಾದಮ್ಮನವರಿಗೆ ಕೋರ್ಟಾಗುವ ಮೊದಲೇ ಗೊತ್ತಿದ್ದ ಮನೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಗದ್ದೆಗಳಲ್ಲಿ ಕೂಲಿ ಮಾಡಿದವರು. ಸುಗ್ಗಿ ಮುಗಿದ ಮೇಲೆ ಭತ್ತ ಅಳೆಸಿಕೊಳ್ಳಲು ಹೋದಾಗ ಕೊಟ್ಟಿಗೆಯ ಮೂಲೆಯಲ್ಲಿ ಮೊರ ಹಿಡಿದು ನಿಲ್ಲುತ್ತಿದ್ದರು. ನಮ್ಮ ಜನ ನಿಲ್ಲುವ ಜಾಗ ಅದು. ಅಲ್ಲಿಂದ ಮುಂದೆ ಅವ್ವ ಒಂದು ಹೆಜ್ಜೆ ಇಟ್ಟವಳಲ್ಲ.

ಕೆರೆಯ ಕೆಳಗೆ ನಮಗೆ ಒಂದು ತುಂಡು ಗದ್ದೆ ಇತ್ತು. ನಮ್ಮಪ್ಪ ತೀರಿಕೊಂಡ ಮೇಲೆ ಪಕ್ಕದ ಗದ್ದೆಯವರು ಬದು ಸರಿಸಿ ಸರಿಸಿ ಕಡೆಗೆ ಬದುವನ್ನೇ ಇಲ್ಲವೆನ್ನಿಸಿದರು. ಅವ್ವನ ಹೆಸರಿನಲ್ಲಿ ದಾವೆ ಹಾಕಿದೆವು. ಹೀಗೆ ಅದೇ ಮನೆಗೆ ಅವ್ವ ವಾದಿಯಾಗಿ ಹೋಗಬೇಕಾಯಿತು. ಹೋದಳು. ಎಲ್ಲಿ ನಿಂತಳು? ಕೊಟ್ಟಿಗೆಯ ಮೂಲೆಯಲ್ಲಿ.

ಯಾರಾದರೂ ಅವಳನ್ನು ತಡೆದರೇ? ಇಲ್ಲ. ಇದನ್ನು ಗಮನಿಸಬೇಕು. ಅಸ್ಪೃಶ್ಯತೆಯ ಕಾನೂನು ಆಗಲೇ ಬಂದಿತ್ತು. ತಡೆದವರು ಇದ್ದಿದ್ದರೆ ಹಿಡಿದು ಕೇಸು ಹಾಕಬಹುದಿತ್ತು. ತಡೆದವರೇ ಇಲ್ಲ. ನಮ್ಮ ಜನ ಯಾರು ಕೋರ್ಟಿಗೆ ಬಂದರೂ ಅಲ್ಲೇ ನಿಲ್ಲುತ್ತಿದ್ದರು. ಕೇಸು ಕೂಗಿದಾಗ ವಕೀಲರು ಜಗಲಿಗೆ ಬಂದು "ಬಾಪ್ಪಾ" ಎಂದು ಕೈ ಮಾಡಿದರೆ ಒಳಗೆ ಹೋಗುವುದು, ಹೇಳಿಕೆ ಕೊಟ್ಟು ಮತ್ತೆ ಅಲ್ಲಿಗೇ ಬಂದು ನಿಲ್ಲುವುದು. ಅದು ಅಲ್ಲಿಯ ಪದ್ಧತಿ. ಯಾರು ಮಾಡಿದ ಪದ್ಧತಿ ಎಂದರೆ ಹೇಳುವವರಿಲ್ಲ.

ಆ ದಿನ ನಮ್ಮ ವಕೀಲರು ಬರಲಿಲ್ಲ. ಹಾಸನದಿಂದ ಬರುವ ಬಸ್ಸು ಕೆಟ್ಟು ಸಾಲಗಾಮೆಯ ಹತ್ತಿರ ನಿಂತಿತ್ತು. ಅವರು ಈಗ ದಿವಂಗತರು, ಅವರನ್ನು ದೂರುವುದಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಕೋರ್ಟಿನ ಜವಾನ ಗುಂಡಯ್ಯ ಜಗಲಿಗೆ ಬಂದು ನಿಂತು, ಪದ್ಧತಿಯಂತೆ ಮೂರು ಸಲ "ಮಾದಮ್ಮ" ಎಂದು ಕೂಗಿದ. ಅವ್ವ ಕೊಟ್ಟಿಗೆಯ ಮೂಲೆಯಿಂದ "ಇವ್ನಿ ಸಾ" ಎಂದಳು. ಮೂರು ಸಲವೂ ಓಗೊಟ್ಟಳು. ಕೈ ಮಾಡಿ ಕರೆಯುವ ವಕೀಲರು ಇಲ್ಲ. ಗುಂಡಯ್ಯ ಒಳಗೆ ಹೋದ. ಮುನ್ಸೀಫರು ಬರೆದರು: ವಾದಿಯನ್ನು ಕೂಗಲಾಯಿತು, ವಾದಿ ಗೈರುಹಾಜರು, ದಾವೆ ವಜಾ.

ಅವ್ವ ಸಂಜೆಯವರೆಗೆ ನಿಂತಿದ್ದಳು. ಬಾಗಿಲು ಹಾಕುವಾಗ ಗುಂಡಯ್ಯನೇ ಹೇಳಿದನಂತೆ, "ಯಾಕ್ ನಿಂತಿದ್ದೀಯವ್ವಾ, ನಿನ್ ಕೇಸು ಬೆಳಗ್ಗೇನೆ ಓಯ್ತಲ್ಲ!"

ಇದು ಅಷ್ಟು ದೊಡ್ಡ ವಿಷಯವೇನಲ್ಲ, ವಕೀಲ ಮಿತ್ರರಿಗೆ ಗೊತ್ತು. ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮತ್ತೆ ಎತ್ತಿಸಿಕೊಳ್ಳಬಹುದು. ಒಂದು ಅರ್ಜಿ, ಒಂದು ಪ್ರಮಾಣಪತ್ರ. ಮರುದಿನ ನಮ್ಮ ವಕೀಲರು ಬಂದು ಕೈ ಮುಗಿದು ತಪ್ಪಾಯಿತೆಂದರು, ಪ್ರಮಾಣಪತ್ರವನ್ನೂ ತಾವೇ ಬರೆಸಿದರು. 'ಆ ದಿನ ನನಗೆ ದೇಹಸ್ಥಿತಿ ಸರಿಯಿಲ್ಲದ್ದರಿಂದ ಕೋರ್ಟಿಗೆ ಹಾಜರಾಗಲು ಸಾಧ್ಯವಾಗಲಿಲ್ಲ.' ಎಲ್ಲರೂ ಬರೆಯುವುದು ಅದನ್ನೇ. ನಮ್ಮ ಜಿಲ್ಲೆಯ ಪ್ರಮಾಣಪತ್ರಗಳನ್ನೆಲ್ಲ ನಂಬಿದರೆ ಇಲ್ಲಿ ಆರೋಗ್ಯವಂತ ಕಕ್ಷಿದಾರನೇ ಸಿಗುವುದಿಲ್ಲ. ನೀವು ನಗುತ್ತೀರಿ, ಅವ್ವ ನಗಲಿಲ್ಲ. ಇಂಕಿನ ಪ್ಯಾಡು ಮುಂದಿಟ್ಟರೆ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಉಸಾರಿರ್ನಿಲ್ಲ ಅಂತ ಯಾಕ್ ಏಳ್ಲಿ? ಚೆಂದಾಗೇ ಇದ್ನಲ್ಲ. ನಾ ಓಗಿದ್ದೆ ಕಣ್ಲಾ ಚೆನ್ನ."

"ಹೋಗಿದ್ದೆ ಅವ್ವ, ಆದ್ರೆ ಹೀಗೆ ಬರೆದ್ರೇ ಗದ್ದೆ ಸಿಗೋದು."

"ಗದ್ದೆ ಸಿಗ್ಲಿ ಬುಡ್ಲಿ. ಬಂದೋಳ ಬರ್ನಿಲ್ಲ ಅಂತ ಅವ್ರು ಬರ್ದವ್ರೆ. ಅದುಕ್ಕೆ ನಾನೂ ಬರ್ನಿಲ್ಲ ಅಂತ ಎಬ್ಬೆಟ್ ಒತ್ತಾ?"

ವಕೀಲರು ಹೇಳಿದರು, ನಾನು ಹೇಳಿದೆ, ನಮ್ಮ ಚಿಕ್ಕಪ್ಪ ಮಂಚಯ್ಯ ಹೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ತಾಯಿಯನ್ನು ಕೋಣನಿಗೆ ಹೋಲಿಸಿದೆ ಎಂದು ತಪ್ಪು ತಿಳಿಯಬೇಡಿ, ಆ ಹಟ ನನಗೂ ಬಂದಿದೆ. ದಿನ ಕಳೆದ ಹಾಗೆ ನನಗೂ ಅನ್ನಿಸತೊಡಗಿತು: ಎದುರಿಗಿದ್ದ ಮನುಷ್ಯಳನ್ನು ಇಲ್ಲ ಎಂದು ಬರೆದವರು ನ್ಯಾಯಾಧೀಶರೇ? ಅವರು ಆ ಕುರ್ಚಿಯಲ್ಲಿ ಕೂರಬಹುದೇ? ಅವ್ವನಿಗೆ ಬೇಕಾದದ್ದು ತಾನು ಬಂದಿದ್ದೆ ಎಂಬ ಒಂದು ಮಾತು. ನನಗೆ ಬೇಕಾದದ್ದು ಮುನ್ಸೀಫರ ಕೆಲಸ. ಮುಚ್ಚಿಡುವುದೇಕೆ? ನನಗೆ ಅವರ ಕೆಲಸ ಹೋಗಬೇಕಿತ್ತು.

ದೂರು ಬರೆದೆ. ಮೊದಲನೆಯದನ್ನು ಹೆಸರು ಹಾಕದೆ 'ನೊಂದ ಸಾರ್ವಜನಿಕರು' ಎಂದು ಬರೆದು ಕಳಿಸಿದೆ. ಅದರ ಸುದ್ದಿಯೇ ಇಲ್ಲ. ಹೆಸರಿಲ್ಲದ ದೂರನ್ನು ಬದಿಗಿಡುತ್ತಾರೆ ಎಂದು ಆಮೇಲೆ ತಿಳಿಯಿತು. ಹಾಗೆ ಇಡದಿದ್ದರೆ ಸೋತ ಕಕ್ಷಿದಾರರೆಲ್ಲ ಬರೆದು ನ್ಯಾಯಾಧೀಶರು ದಿನಾ ಉತ್ತರ ಬರೆಯುತ್ತಾ ಕೂರಬೇಕಾಗುತ್ತದೆ. ಆಮೇಲೆ ಹೆಸರು ಹಾಕಿ ಡಿ.ಸಿ. ಸಾಹೇಬರಿಗೆ ಕೊಟ್ಟೆ. ಅವರು ಕೂರಿಸಿ, "ಮೇಷ್ಟ್ರೇ, ನ್ಯಾಯಾಧೀಶರು ನಮ್ಮ ಕೈಕೆಳಗಿನವರಲ್ಲ. ನಮ್ಮ ಕೈಕೆಳಗೆ ಇದ್ದಿದ್ದರೆ ನಿಮಗೆ ಇನ್ನೂ ಕಷ್ಟವಾಗುತ್ತಿತ್ತು. ಹೈಕೋರ್ಟಿಗೆ ಬರೆಯಿರಿ" ಎಂದರು. ಒಳ್ಳೆಯ ಮಾತು. ಹೈಕೋರ್ಟಿಗೆ ಬರೆದೆ. ಬರೆದದ್ದು ಸತ್ಯವೆಂದು ಪ್ರಮಾಣಪತ್ರ ಲಗತ್ತಿಸಿ ಎಂದು ವಾಪಸು ಬಂತು. ಆ ಪ್ರಮಾಣಪತ್ರ ಬರೆದುಕೊಡಲು ನಮ್ಮ ತಾಲ್ಲೂಕಿನಲ್ಲಿ ಒಬ್ಬ ವಕೀಲರೂ ಒಪ್ಪಲಿಲ್ಲ. ಚನ್ನರಾಯಪಟ್ಟಣದಿಂದ ಒಬ್ಬರು ಬರೆದುಕೊಟ್ಟರು, ಅವರು ಈ ಸಭೆಯಲ್ಲೇ ಇದ್ದಾರೆ, ತಲೆ ತಗ್ಗಿಸಿಕೊಂಡಿದ್ದಾರೆ, ಹೆಸರು ಹೇಳುವುದಿಲ್ಲ.

ಅಷ್ಟರಲ್ಲಿ ನಮ್ಮ ಶಾಲಾ ಇನ್ಸ್‌ಪೆಕ್ಟರು ಕರೆಸಿ, "ಏನ್ರೀ ಚೆನ್ನಯ್ಯ, ನಿಮ್ಮ ಜನಕ್ಕೆ ಮೇಷ್ಟ್ರ ಕೆಲಸ ಸಿಗೋದೇ ಕಷ್ಟ, ಸಿಕ್ಕಿದ್ದನ್ನ ಕಳಕೊಳ್ಳೋದು ಸುಲಭ ಅಂತ ಗೊತ್ತಲ್ವಾ?" ಎಂದರು. ಅವರು ಹೆದರಿಸಿದರೋ ಬುದ್ಧಿ ಹೇಳಿದರೋ, ಎರಡಕ್ಕೂ ಒಂದೇ ಮುಖ. ನನಗೆ ಹೆದರಿಕೆಯಾದದ್ದು ನಿಜ. ಆಗ ತಾನೇ ಮದುವೆಯಾಗಿತ್ತು.

ಹೈಕೋರ್ಟಿನವರು ವಿಚಾರಣೆಗೆ ನೇಮಿಸಿದ್ದು ಈ ಯೋಗಾನರಸಿಂಹ ಅಯ್ಯಂಗಾರ್ ಅವರನ್ನು. ಆಗ ಅವರು ಜಿಲ್ಲಾ ನ್ಯಾಯಾಧೀಶರು. ಹೆಸರು ಕೇಳಿದ ಕೂಡಲೇ ಮಂಚಯ್ಯ ಚಿಕ್ಕಪ್ಪ ಟವಲು ಕೊಡವಿ ಎದ್ದುಬಿಟ್ಟ. "ಮುನ್ಸೀಪ್ರುದೂ ಅದೇ ನಾಮ, ಇವ್ರುದೂ ಅದೇ ನಾಮ. ನಡಿ ನಡಿ, ಕೆಲ್ಸ ನೋಡಣ." ನನಗೂ ಹಾಗೇ ಅನ್ನಿಸಿತ್ತು. ಸ್ವಾಮಿ, ತಾವು ನಗುತ್ತಿದ್ದೀರಿ. ಆಗ ತಮ್ಮನ್ನು ನಗುಮುಖದಲ್ಲಿ ನೋಡಿದ್ದರೆ ಇನ್ನೂ ಅನುಮಾನ ಪಡುತ್ತಿದ್ದೆ.

ಒಂದು ಭಾನುವಾರ, ಕೋರ್ಟಿಗೆ ರಜೆ ಇದ್ದ ದಿನ ಬಂದರು. ಮುನ್ಸೀಫರ ಮನೆಯಲ್ಲಿ ಕಾಫಿಗೆ ಕರೆದರು, ಹೋಗಲಿಲ್ಲ. ವಕೀಲರು ಎಳನೀರು ತರಿಸಿದರು, ಮುಟ್ಟಲಿಲ್ಲ. ಗೋದಮ್ಮನವರು ಬೆಳ್ಳಿ ಲೋಟದಲ್ಲಿ ಮಜ್ಜಿಗೆ ಕಳಿಸಿದರು, ಕೈ ಮುಗಿದು ವಾಪಸು ಕಳಿಸಿದರು. ತಾವೇ ತಂದ ತಾಮ್ರದ ಚೊಂಬಿನ ನೀರು ಕುಡಿದರು. ಇವರು ಮಡಿವಂತರೋ ಪ್ರಾಮಾಣಿಕರೋ ಎಂದು ನಾವು ಅಂಗಳದಲ್ಲಿ ನಿಂತು ಚರ್ಚೆ ಮಾಡಿದೆವು. ಎರಡೂ ಎಂದು ಸಂಜೆಗೆ ಗೊತ್ತಾಯಿತು.

ಮೊದಲು ಮುನ್ಸೀಫರ ಉತ್ತರವನ್ನು ಓದಿದರು. 'ಪದ್ಧತಿಯಂತೆ ಮೂರು ಸಲ ಕೂಗಿಸಿದೆ, ಯಾರೂ ಎದುರಿಗೆ ಬರಲಿಲ್ಲ, ಗೈರುಹಾಜರು ಎಂದು ಬರೆದೆ.' ಅಷ್ಟೇ. ಮುನ್ಸೀಫರು ಚಿಕ್ಕ ವಯಸ್ಸಿನವರು, ಅದು ಅವರ ಮೊದಲ ಊರು. ಗೋಡೆಗೆ ಒರಗಿ ನಿಂತಿದ್ದರು. ಕೂರಲು ಹೇಳಿದರೂ ಕೂರಲಿಲ್ಲ.

ಆಮೇಲೆ ಗುಂಡಯ್ಯನನ್ನು ಕೇಳಿದರು. "ಆ ದಿನ ಆಕೆ ಓಗೊಟ್ಟದ್ದು ನಿನಗೆ ಕೇಳಿಸಿತೇ?"

"ಕೇಳುಸ್ತು ಸ್ವಾಮಿ."

"ಮತ್ತೆ ಒಳಗೆ ಬಂದು ಯಾಕೆ ಹೇಳಲಿಲ್ಲ?"

"ನಾನು ಕೂಗೋನು ಸ್ವಾಮಿ. ಬಂದ್ರು ಅಂತ ಏಳೋದು ನನ್ ಕೆಲ್ಸ ಅಲ್ಲ. ಮೇಜಿನ ಮುಂದುಕ್ ಬಂದ್ರೆ ಬಂದಂಗೆ, ಇಲ್ದಿದ್ರೆ ಇಲ್ಲ. ಇಷ್ಟ್ ವರ್ಷ ಅಂಗೇ ಮಾಡ್ಕಂಡ್ ಬಂದಿವ್ನಿ."

ಗುಂಡಯ್ಯ ಕೆಟ್ಟವನಲ್ಲ. ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಮೈ ಉರಿಯಿತು. ಈ ಇಡೀ ವಿಚಾರಣೆಯಲ್ಲಿ ಸುಳ್ಳು ಹೇಳುವವರು ಯಾರೂ ಸಿಗಲಿಲ್ಲವಲ್ಲ ಎಂದು.

ಈಗ ಉಳಿದದ್ದು ಒಂದೇ ಪ್ರಶ್ನೆ. ಮುನ್ಸೀಫರಿಗೆ ಅವ್ವನ ದನಿ ಕೇಳಿಸಿತ್ತೇ? ಕೇಳಿಸಿಯೂ ಗೈರುಹಾಜರು ಎಂದು ಬರೆದಿದ್ದರೆ ಅದು ದುರ್ನಡತೆ, ಕೆಲಸ ಹೋಗುತ್ತದೆ. ಕೇಳಿಸದೆ ಬರೆದಿದ್ದರೆ ಅದು ಬೇರೆ. ಇವರು ಏನು ಮಾಡಿದರು ಗೊತ್ತೇ? ಮುನ್ಸೀಫರ ಕುರ್ಚಿಯಲ್ಲಿ ತಾವೇ ಹೋಗಿ ಕೂತರು. "ಆ ದಿನ ಹೇಗೆ ಕೂಗಿದೆಯೋ ಹಾಗೇ ಕೂಗು" ಎಂದು ಗುಂಡಯ್ಯನನ್ನು ಜಗಲಿಗೆ ಕಳಿಸಿದರು. "ಆ ದಿನ ಎಲ್ಲಿ ನಿಂತಿದ್ದಿರೋ ಅಲ್ಲೇ ನಿಂತು, ಹೇಗೆ ಓಗೊಟ್ಟಿರೋ ಹಾಗೇ ಓಗೊಡಿ" ಎಂದು ಅವ್ವನಿಗೆ ಹೇಳಿ ಕಳಿಸಿದರು. ನನ್ನನ್ನು ಹಜಾರದಲ್ಲಿ, ಮೇಜಿನ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಎದುರಿಗೆ ಕಿಟಕಿ. ಕಿಟಕಿಯ ಆಚೆ ಅಂಗಳ, ಕೊಟ್ಟಿಗೆ, ಅವ್ವ.

ಗುಂಡಯ್ಯ ಮೂರು ಸಲ ಕೂಗಿದ. ಮೂರು ಸಲ ಅವ್ವನ ತುಟಿ ಅಲುಗಿದ್ದು ಕಾಣಿಸಿತು.

ಇವರು ನನ್ನ ಕಡೆ ತಿರುಗಿ, "ನಿಮಗೆ ಕೇಳಿಸಿತೇ?" ಎಂದರು.

"ಕೇಳಿಸಿತು" ಎಂದೆ.

ಇವತ್ತಿಗೂ ಹೇಳುತ್ತೇನೆ, ನನಗೆ ಕೇಳಿಸಿತು. ಹೆತ್ತ ತಾಯಿಯ ದನಿ ಮಗನಿಗೆ ಕೇಳಿಸದೇ ಇರುತ್ತದೆಯೇ? ಬೀದಿಯಲ್ಲಿ ಜಟಕಾ ಹೋಗುವ ಸದ್ದು ಬರುತ್ತಿತ್ತು, ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಅದೆಲ್ಲ ಇರಲಿ. ಅವಳ ತುಟಿ ಅಲುಗಿದರೆ ನನಗೆ ಕೇಳಿಸುತ್ತದೆ. ಇವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಮಾದಮ್ಮನವರನ್ನು ಒಳಗೆ ಕರೆಯಿರಿ" ಎಂದರು.

ಗುಂಡಯ್ಯ ಕರೆದ. ಅವ್ವ "ಇವ್ನಿ ಸಾ" ಎಂದು ಅಲ್ಲೇ ನಿಂತಳು. ನಾನು ಹೋಗಿ ಕರೆತರಲು ಹೆಜ್ಜೆ ಎತ್ತಿದೆ. "ನೀವು ಹೋಗಬೇಡಿ, ಅವರೇ ಬರಲಿ" ಎಂದರು. ಮುನ್ಸೀಫರು ಮೆಲ್ಲಗೆ, "ಸಾರ್, ಬೇಕಾದರೆ ಅಂಗಳಕ್ಕೇ ಹೋಗಿ ಹೇಳಿಕೆ ತೆಗೆದುಕೊಳ್ಳಬಹುದು" ಎಂದರು. ಇವರು, "ಕೋರ್ಟು ಇಲ್ಲಿದೆ. ನಾನು ಹೊರಗೆ ಹೋದರೆ ಅವರು ಇನ್ನೂ ಹೊರಗೇ ಇದ್ದ ಹಾಗೆ" ಎಂದು ಮತ್ತೆ ಕೂಗಿಸಿದರು. ಮತ್ತೆ ಕೂಗಿಸಿದರು. ಗುಂಡಯ್ಯನ ಗಂಟಲು ಒಣಗಿತು. ಮನೆಯವರೆಲ್ಲ ಹಿತ್ತಲ ಕಡೆಯಿಂದ ಅಂಗಳದ ಬದಿಗೆ ಬಂದು ನಿಂತರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಯಾಕಾದರೂ ದೂರು ಕೊಟ್ಟೆನೋ ಎನ್ನಿಸಿತು. ಇದನ್ನು ಕರುಣೆ ಎನ್ನುತ್ತೀರಾ? ವಯಸ್ಸಾದ ಹೆಂಗಸನ್ನು ಊರೆಲ್ಲ ನೋಡುವ ಹಾಗೆ ಅಂಗಳದಲ್ಲಿ ನಿಲ್ಲಿಸಿ ಕೂಗಿಸುವುದೇ?

ಕಡೆಗೆ ಅವ್ವ ಗೋದಮ್ಮನವರ ಮುಖ ನೋಡಿದಳು. ಗೋದಮ್ಮನವರು "ಹೋಗೇ, ಕರೀತಿದ್ದಾರಲ್ಲ. ಆ ಹಜಾರ ಈಗ ನಂದಲ್ಲ" ಎಂದು ತಾವೇ ಒಳಗೆ ಹೋದರು. ಅವ್ವ ಅಂಗಳ ದಾಟಿದಳು. ಜಗಲಿ ಹತ್ತಿದಳು. ಹೊಸಲಿನ ಹತ್ತಿರ ಕಾಲು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಒಳಗೆ ಬಂದು ಮೇಜಿನ ಮುಂದೆ ನಿಂತಳು.

ಪ್ರಮಾಣ ಮಾಡಿಸಿದರು. ಆಮೇಲೆ ಕೇಳಿದರು. "ಮಾದಮ್ಮ, ಈಗ ಓಗೊಟ್ಟ ಹಾಗೆಯೇ ಆ ದಿನವೂ ಓಗೊಟ್ಟಿರಾ?"

"ಊಂ ಸಾ. ಇಂಗೇ ಅಂದೆ."

"ಈಗ ನನಗೆ ಕೇಳಿಸಲಿಲ್ಲ. ನಿಮ್ಮ ಮಗ ತಮ್ಮ ಕಿವಿಗೆ ಬಿತ್ತು ಎನ್ನುತ್ತಾರೆ."

ಅವ್ವ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಒಂದು ಮಾತು, ಆ ದಿನ ಜೋರಾಗಿ ಅಂದೆ ಎನ್ನುವ ಒಂದೇ ಮಾತು ಸಾಕಿತ್ತು. ಮುನ್ಸೀಫರ ಕತೆ ಮುಗಿಯುತ್ತಿತ್ತು.

"ಅವ್ನಿಗೆಂಗ್ ಕೇಳ್ಸೀತು ಸಾ? ನಾ ಮೆತ್ಗೆ ಅಂದೆ. ಆ ದಿನ್ವೂ ಮೆತ್ಗೇ ಅಂದೆ. ಈ ಮನೇಲಿ ನಾ ಯಾವತ್ತೂ ಜೋರಾಗ್ ಮಾತಾಡಿದ್ದೇ ಇಲ್ಲ."

ಸಭಿಕರೇ, ದೂರು ಅಲ್ಲಿಗೆ ಬಿದ್ದುಹೋಯಿತು. ಯಾರಿಗಾಗಿ ದೂರು ಕೊಟ್ಟೆನೋ ಅವಳೇ ಅದನ್ನು ಬೀಳಿಸಿದಳು. ಮುನ್ಸೀಫರು ಆಗ ಕುರ್ಚಿ ಎಳೆದುಕೊಂಡು ಕೂತರು. ನಿಲ್ಲಲು ಆಗದವರ ಹಾಗೆ ಕೂತರು. ಇವರು ಅವರನ್ನೂ ಒಂದು ಪ್ರಶ್ನೆ ಕೇಳಿದರು.

"ಕಿಟಕಿಯಲ್ಲಿ ಈಕೆ ನಿಮಗೆ ಕಾಣುತ್ತಿರಲಿಲ್ಲವೇ?"

ಮುನ್ಸೀಫರು ತಪ್ಪಿಸಿಕೊಳ್ಳಬಹುದಿತ್ತು. ಬಿಸಿಲಿತ್ತು ಎನ್ನಬಹುದಿತ್ತು, ಕಡತ ನೋಡುತ್ತಿದ್ದೆ ಎನ್ನಬಹುದಿತ್ತು. ಅವ್ವನ ಮಾತು ಕೇಳಿದ ಮೇಲೆ ಅವರಿಗೂ ಸುಳ್ಳು ಬಾಯಿಗೆ ಬರಲಿಲ್ಲವೋ ಏನೋ. "ಕಾಣುತ್ತಿದ್ದರು ಸಾರ್. ದಿನಾ ಅಲ್ಲಿ ಯಾರಾದರೂ ನಿಂತಿರುತ್ತಿದ್ದರು. ಯಾರು, ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ" ಎಂದರು.

ಕಡೆಗೆ ಇವರು ಅವ್ವನನ್ನು, "ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಇವ್ರ ಕೆಲ್ಸ ತೆಗ್ಯೋದು ಬುಡೋದು ನಿಮ್ಗೆ ಸೇರಿದ್ದು ಸಾ. ನಾ ಬಂದಿದ್ದೆ. ಬಂದಿದ್ಲು ಅಂತ ಬರ್ಕಳಿ. ಅಷ್ಟೇಯ."

ಇವರು ಪೆನ್ನಿನ ಮುಚ್ಚಳ ಹಾಕಿದರು. "ವಿಚಾರಣೆ ಮುಗಿಯಿತು" ಎಂದರು. ಒಂದು ಸಮಾಧಾನದ ಮಾತಿಲ್ಲ. ಚೊಂಬು ತೆಗೆದುಕೊಂಡು ಹೊರಟುಹೋದರು.

ಬಸ್ಸಿನಲ್ಲಿ ನಾನು ಅವ್ವನ ಪಕ್ಕ ಕೂರಲಿಲ್ಲ. ಸುಗ್ಗಿ ಬರುವವರೆಗೂ ಅವಳ ಜೊತೆ ಮಾತು ಬಿಟ್ಟಿದ್ದೆ. ನನ್ನ ಕೆಲಸ ಪಣಕ್ಕಿಟ್ಟು ನಾನು ಓಡಾಡಿದರೆ ಇವಳು ಒಂದು ಮಾತಿನಲ್ಲಿ ಎಲ್ಲ ಕೆಡಿಸಿದಳಲ್ಲ ಎಂದು. ಅವಳು ತಟ್ಟೆಗೆ ಮುದ್ದೆ ಇಟ್ಟು ಒಂದು ದಿನ ಅಂದಳು, "ಅವ್ರು ಸುಳ್ ಬರ್ದ್ರು ಅಂತ ತಾನೇ ನೀ ದೂರ್ ಕೊಟ್ಟಿದ್ದು? ಉಣ್ಣು." ಉಂಡೆ.

ಆಮೇಲೆ ಹೈಕೋರ್ಟಿನಿಂದ ಉತ್ತರ ಬಂತು. 'ನಿಮ್ಮ ದೂರನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ.' ಒಂದೇ ಸಾಲು. ದೂರು ಕೊಟ್ಟವರಿಗೆ ಹೇಳುವುದು ಅಷ್ಟೇ. ಏನು ಸಾಬೀತಾಯಿತು, ಏನು ಆಗಲಿಲ್ಲ, ವರದಿಯಲ್ಲಿ ಏನಿದೆ, ಅದೆಲ್ಲ ಗೋಪ್ಯ. ಮುನ್ಸೀಫರಿಗೆ ಎಚ್ಚರಿಕೆ ಕೊಟ್ಟರಂತೆ ಎಂದು ಕೆಲವರು, ಏನೂ ಇಲ್ಲ, ವರ್ಗ ಅಷ್ಟೇ ಎಂದು ಕೆಲವರು. ನಮ್ಮ ಕಣ್ಣಿಗೆ ಕಂಡದ್ದು ಇಷ್ಟು: ಆ ವರ್ಷ ಮುಗಿಯುವುದರೊಳಗೆ ಕೋರ್ಟು ಗೋದಮ್ಮನವರ ಮನೆ ಬಿಟ್ಟು ಪ್ರಯಾಣಿಕರು ತಂಗುತ್ತಿದ್ದ ಹಳೆಯ ಮುಸಾಫಿರ್ ಖಾನೆಗೆ ಹೋಯಿತು. ಹೊಸದಾಗಿ ಬಂದ ಮುನ್ಸೀಫರು, 'ಕೋರ್ಟು ಒಳಗೆ, ನಾನಿದ್ದದ್ದು ಹೊರಗೆ' ಎಂದು ಬರೆದ ನಮ್ಮ ಅರ್ಜಿಯನ್ನು ಒಪ್ಪಿ ದಾವೆಯನ್ನು ಮತ್ತೆ ಎತ್ತಿಕೊಂಡರು. ಬದು ಸ್ವಲ್ಪ ಅತ್ತಿತ್ತ ಆದರೂ ಗದ್ದೆ ನಮಗೆ ಬಂತು. ಈಗ ಮಂಚಯ್ಯ ಚಿಕ್ಕಪ್ಪ ಮಾಡುತ್ತಿದ್ದಾನೆ.

ಗದ್ದೆ ಬಂದ ದಿನ ಅವ್ವ ಕೇಳಿದ್ದು ಗದ್ದೆಯ ಮಾತಲ್ಲ. "ಅವ್ರು ಬರ್ಕಂಡ್ರಂತಾ?" ಎಂದಳು. ಅವತ್ತಿನಿಂದ ಕೇಳುತ್ತಲೇ ಇದ್ದಾಳೆ. ನಾನು ಇವರ ಆಫೀಸಿಗೆ ಹೋಗಿ ಕೇಳಿದೆ. "ವರದಿ ನನ್ನದಲ್ಲ, ಹೈಕೋರ್ಟಿನದು" ಎಂದರು. ಇವರು ಬೇರೆ ಜಿಲ್ಲೆಗೆ ಹೋದರು, ಅಲ್ಲಿಗೂ ಹೋದೆ. "ಮೇಷ್ಟ್ರೇ, ಹೌದು ಅಂದರೂ ಹೇಳಿದ ಹಾಗೆ, ಇಲ್ಲ ಅಂದರೂ ಹೇಳಿದ ಹಾಗೆ" ಎಂದು ಬಾಗಿಲವರೆಗೆ ಬಂದು ಬಿಟ್ಟುಹೋದರು. ನಾನು ಸಿಟ್ಟಿನಲ್ಲಿ ಅವ್ವನ ಹತ್ತಿರ, "ಅವರು ಬರೆದಿರೋದಿಲ್ಲ, ಬಿಡು. ಅವರಿಗೆ ಕೇಳಿಸಲಿಲ್ಲವಲ್ಲ" ಎಂದುಬಿಟ್ಟೆ. ಅವಳು ಒಲೆಯ ಕಡೆ ತಿರುಗಿದಳು.

ಅಧ್ಯಕ್ಷರು ಗಂಟೆ ಹೊಡೆದರು. ಇನ್ನೊಂದೇ ಮಾತು, ದಯಮಾಡಿ.

ನಮ್ಮ ತಾಯಿಯವರು ಇದ್ದಾರೆ. ಮಂಡಿ ಹಿಡಿದುಕೊಂಡಿದೆ, ಬಸ್ಸು ಹತ್ತಲಾಗುವುದಿಲ್ಲ, ದುದ್ದದಲ್ಲಿ ನನ್ನ ಮನೆಯಲ್ಲೇ ಇದ್ದಾರೆ. ನಾನು ಇವತ್ತು ಹೊರಟಾಗ ಮತ್ತೆ ಅದನ್ನೇ ಹೇಳಿದರು. "ಅವ್ರ್ ಸಿಕ್ತಾರಲ್ಲ, ಕೇಳ್ಕಂಡ್ ಬಾ." ಅದಕ್ಕೇ ಬಂದೆ. ಕಾರ್ಯದರ್ಶಿಗಳು ತಿಳಿದ ಹಾಗೆ ಹೊಗಳಲು ಬಂದವನಲ್ಲ, ಕೇಳಲು ಬಂದವನು.

ಸ್ವಾಮಿ, ಯೋಗಾನರಸಿಂಹ ಅಯ್ಯಂಗಾರ್ ಅವರೇ, ಆ ಮುನ್ಸೀಫರಿಗೆ ಏನು ಶಿಕ್ಷೆ ಬರೆದಿರಿ ಎಂದು ನಾನು ಕೇಳುವುದಿಲ್ಲ. ಅದು ಗೋಪ್ಯ, ಇರಲಿ. ನನ್ನ ಮಾತು ನಂಬಿದಿರೋ ಇಲ್ಲವೋ, ಅದೂ ಇರಲಿ. ಆ ದಿನ ಕೋರ್ಟಿಗೆ ಮಾದಮ್ಮ ಬಂದಿದ್ದಳು ಎಂದು ತಾವು ಬರೆದಿರಾ? ತಾವು ಈಗ ನಿವೃತ್ತರು. ಆದರೂ ತಾವು ಬಾಯಿ ಬಿಡುವುದಿಲ್ಲ ಎಂದು ಗೊತ್ತು. ಸಭೆಯಲ್ಲಿ ಕೇಳಿ ತಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದಕ್ಕೆ ಕ್ಷಮಿಸಬೇಕು, ನನಗೆ ಬೇರೆ ದಾರಿ ಉಳಿದಿರಲಿಲ್ಲ.

ಕಾರ್ಯದರ್ಶಿಗಳೇ, ಮೈಕಿನಿಂದ ಕೈ ತೆಗೆಯಿರಿ, ಒಂದು ನಿಮಿಷ.

ಸ್ವಾಮಿ, ತಾವು ಯಾಕೆ ಏಳುತ್ತಿದ್ದೀರಿ? ಕೂತೇ ಇರಿ. ತಾವು ಹಿರಿಯರು, ನನ್ನ ಮಾತಿಗೆ ತಾವು ಎದ್ದು ನಿಲ್ಲುವುದೇ? ಜನರೇ, ಗಲಾಟೆ ಮಾಡಬೇಡಿ. ಇವರು ಸುಮ್ಮನೆ ಎದ್ದು ನಿಂತಿದ್ದಾರೆ. ದುದ್ದದ ಕಡೆ ಯಾವುದು ಎಂದು ನನ್ನನ್ನು ಕೇಳಿದರು, ಆ ಬಾಗಿಲ ಕಡೆ ಎಂದೆ. ಆ ಕಡೆ ತಿರುಗಿ, ಅವ್ವ ಎದುರಿಗೇ ಬಂದು ನಿಂತಿರುವ ಹಾಗೆ ಕೈ ಮುಗಿದು ನಿಂತಿದ್ದಾರೆ.

ಗೊತ್ತಾಯಿತು ಸ್ವಾಮಿ. ಗೊತ್ತಾಯಿತು. ಕೂತುಕೊಳ್ಳಿ.

ಈ ಅವಕಾಶ ಕೊಟ್ಟ ಸಮಿತಿಯವರಿಗೂ, ಗಂಟೆ ಹೊಡೆದೂ ತಡೆದುಕೊಂಡ ಅಧ್ಯಕ್ಷರಿಗೂ, ಕೇಳಿದ ನಿಮಗೆಲ್ಲರಿಗೂ ಋಣಿಯಾಗಿದ್ದೇನೆ. ಊಟಕ್ಕೆ ನಿಲ್ಲುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ದುದ್ದದ ಬಸ್ಸು ಈಗ ಹೊರಡುತ್ತದೆ. ಅವ್ವ ಕಾಯುತ್ತಿರುತ್ತಾಳೆ. ನಮಸ್ಕಾರ.